ಒಂದೂ ಕೇಸಿಲ್ಲದ ಡ್ರೈವರುಗಳು

ಡ್ರೈವರುಗಳ ದಾಖಲೆ ತಪಾಸಣೆ ಮಾಡುವವನಿಗೆ ನಗು ಬರದ ದಿನ ಅಂತ ಇದ್ದರೆ ಅದು ಭಾನುವಾರ ಮಾತ್ರ. ಅವತ್ತು ಆಫೀಸಿಗೆ ಬೀಗ.

ನಾನು ಸಾದಲಿ ಕಡೆಯ ಹಳ್ಳಿಯವನು. ರೇಷ್ಮೆ ಹುಳಕ್ಕೆ ಸೊಪ್ಪು ಹೊತ್ತ ಹೆಗಲು ಇದು. ಈಗ ಕುತ್ತಿಗೆಯಲ್ಲಿ ಐಡಿ ಕಾರ್ಡು ತೂಗುತ್ತದೆ. ನಮ್ಮೂರಲ್ಲಿ ಆ ಥರ ಕಾರ್ಡು ಹಾಕಿಕೊಂಡು ಬಸ್ಸಿಳಿದ ಮೊದಲಿಗ ನಾನೇ. ಎರಡನೆಯವನು ಇನ್ನೂ ಹುಟ್ಟಿಲ್ಲ.

ನಮ್ಮದು ಚಿಕ್ಕಬಳ್ಳಾಪುರದ ಟ್ರಾನ್ಸ್‌ಪೋರ್ಟ್ ಆಫೀಸು. ಮೂವತ್ತು ಟೆಂಪೋಗಳು ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಅಂತ ಸುತ್ತಿ ತರಕಾರಿ, ದ್ರಾಕ್ಷಿ ತುಂಬಿಕೊಂಡು ಬೆಂಗಳೂರಿಗೆ ಹೋಗುತ್ತವೆ. ನಾನು ಅಲ್ಲಿ ಟೊಮೆಟೊ ಕ್ರೇಟು ಎತ್ತುತ್ತಿದ್ದೆ. ಅಷ್ಟರಲ್ಲಿ ಬೆಂಗಳೂರಿನ ದೊಡ್ಡ ಕಂಪನಿಯೊಂದು, ಡ್ರೈವರುಗಳ ದಾಖಲೆಯೆಲ್ಲ ತಪಾಸಣೆ ಮಾಡಿ ಫೈಲು ತೋರಿಸಿದರೆ ವರ್ಷದ ಕಾಂಟ್ರಾಕ್ಟ್ ಕೊಡುತ್ತೇವೆ ಅಂತ ಹೇಳಿ ಕಳಿಸಿತು. ಕಂಪ್ಯೂಟರ್ ಮುಂದೆ ಕೂತರೆ ಬೆವರದವನು ಇಡೀ ಆಫೀಸಲ್ಲಿ ನಾನೊಬ್ಬನೇ. ಓನರ್ ಒಂದು ಕುರ್ಚಿ ಎಳೆದು ಕೂರಿಸಿದರು.

"ಹತ್ತು ದಿನಕ್ಕೆ ಅವರ ಇನ್‌ಸ್ಪೆಕ್ಟರ್ ಬರ್ತಾರೆ. ಕಾಂಟ್ರಾಕ್ಟ್ ಸಿಕ್ಕಿದ್ರೆ ಈ ಕುರ್ಚಿ ನಿಂದು. ಸಿಗಲಿಲ್ಲಾಂದ್ರೆ ಕ್ರೇಟು ಎಲ್ಲೂ ಓಡಿಹೋಗಿಲ್ಲ ಕಣೋ, ಅಲ್ಲೇ ಅವೆ."

"ಕುರ್ಚಿಗೆ ಒಂದು ದಿಂಬು ಹೇಳಿಬಿಡಿ ಅಣ್ಣಾ," ಅಂದೆ. ನಾನು ಅಂಥವನು.

ಮೊದಲನೇ ಪ್ರಶ್ನೆ

ಕಂಪನಿ ಕಳಿಸಿದ ಫಾರಂನಲ್ಲಿ ಮೊದಲನೇ ಪ್ರಶ್ನೆ: ಗಾಡಿ ಓಡಿಸುವಾಗ ಫೋನಿನಲ್ಲಿ ಮಾತಾಡುತ್ತೀರಾ? ಎಲ್ಲರನ್ನೂ ಕರೆದು ಕೂರಿಸಿ ಕೇಳುವಷ್ಟು ಪುರುಸೊತ್ತು ಯಾರಿಗಿದೆ? ಬೆಳಗ್ಗೆ ಹತ್ತು ಗಂಟೆಗೆ ಸಾಲಾಗಿ ಫೋನ್ ಹಚ್ಚಿದೆ.

"ಅಣ್ಣಾ, ಗಾಡಿ ಓಡಿಸ್ತಾ ಫೋನಲ್ಲಿ ಮಾತಾಡ್ತೀಯಾ?"

"ದೇವರಾಣೆ ಇಲ್ಲಪ್ಪಾ." ಹಿಂದೆ ಲಾರಿಯೊಂದು ಪೊಂಯ್ ಅಂತ ಕೂಗಿತು.

"ಈಗ ಎಲ್ಲಿದೀಯಾ?"

"ನಂದಿ ಕ್ರಾಸ್ ದಾಟ್ತಾ ಇದೀನಿ."

"ಮತ್ತೆ ಗಾಡಿ ಯಾರು ಓಡಿಸ್ತಿದಾರೆ?"

ಅವನೂ ಒಂದು ಸಲ ಹಾರ್ನ್ ಒತ್ತಿದ. ಆಮೇಲೆ ಹೇಳಿದ: "ಅದು ಅದರ ಪಾಡಿಗೆ ಹೋಗ್ತಾ ಐತೆ ಬಿಡು."

ಇಪ್ಪತ್ತೊಂಬತ್ತು ಜನರದೂ ಇದೇ ಕತೆ. ಒಬ್ಬ ಮಾತ್ರ ಮೂರು ಸಲ ಮಾಡಿದರೂ ಎತ್ತಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಅವನ ಹೆಸರಿನ ಮುಂದೆ 'ಅತ್ಯುತ್ತಮ' ಅಂತ ಕೆಂಪು ಪೆನ್ನಲ್ಲಿ ಬರೆದೆ. ಸಂಜೆ ಬಂದವನೇ ಕೈ ಮುಗಿದ: "ತಪ್ಪು ತಿಳ್ಕೋಬೇಡಪ್ಪಾ, ನೀನು ಮಾಡಿದಾಗ ಇನ್ನೊಂದು ಫೋನಲ್ಲಿದ್ದೆ. ಮೂರು ಸಲವೂ ಗೇರ್ ಬದಲಾಯಿಸ್ತಿದ್ದೆ, ಎರಡನ್ನೂ ಹಿಡಿಯೋಕೆ ಕೈ ಸಾಲಲಿಲ್ಲ."

ಹಾರ

ಆಮೇಲೆ ಗಾಡಿ ನಂಬರುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಹಾಕಿ ನೋಡಿದೆ. ಟ್ರಾಫಿಕ್ ಪೊಲೀಸರ ಕ್ಯಾಮರಾ ತೆಗೆದ ಫೋಟೊಗಳು ಬಂದವು ನೋಡಿ, ಮದುವೆ ಆಲ್ಬಮ್ಮಿನಲ್ಲೂ ಅಷ್ಟಿರಲ್ಲ. ಸಿಗ್ನಲ್ ಹಾರಿದವರು, ಬೆಲ್ಟ್ ಹಾಕದವರು, ರಾಂಗ್ ಸೈಡಿನಲ್ಲಿ ಬಂದು ಕ್ಯಾಮರಾಗೇ ನಕ್ಕವರು. ಗೌರಿಬಿದನೂರಿನ ಡ್ರೈವರ್ ಒಬ್ಬರದು ಮಾತ್ರ ಖಾಲಿ. ಒಂದೂ ಕೇಸಿಲ್ಲ. ಹಾಗಂತ ನಿಧಾನದ ಮನುಷ್ಯ ಅಲ್ಲ, ಎಲ್ಲರಿಗಿಂತ ಮೊದಲು ಬೆಂಗಳೂರು ಮುಟ್ಟುವವರು ಅವರೇ.

ಇಂಥವರಿಗೆ ಸನ್ಮಾನ ಆಗಬೇಕು ಅಂತ ಶಾಲು ತರಿಸಿದೆ. ಟೆಂಪೋ ಪಕ್ಕ ನಿಲ್ಲಿಸಿ ಫೋಟೊ ತೆಗೆಯೋಣ ಅಂತ ಮೊಬೈಲ್ ಎತ್ತಿದರೆ ನಂಬರೇ ಕಾಣುತ್ತಿಲ್ಲ. ಮುಂದೆ ಒಂದು, ಹಿಂದೆ ಒಂದು, ಪ್ಲಾಸ್ಟಿಕ್ ಚೆಂಡು ಹೂವಿನ ದಪ್ಪ ಹಾರ.

"ಅಣ್ಣಾ, ನಂಬರ್ ಪ್ಲೇಟ್ ಎಲ್ಲಿ?"

"ಹಾರದ ಹಿಂದೆ ಐತೆ. ಆಯುಧ ಪೂಜೆಗೆ ಹಾಕಿದ್ದು."

"ಹಬ್ಬ ಮುಗಿದು ಏಳು ತಿಂಗಳಾಯ್ತಲ್ಲಣ್ಣಾ?"

"ಭಕ್ತಿಗೂ ಎಕ್ಸ್‌ಪೈರಿ ಡೇಟ್ ಹಾಕ್ತೀಯೇನಪ್ಪಾ ನೀನು?"

ನಾನು ಬಿಡಲಿಲ್ಲ, ಎರಡೂ ಹಾರ ಬಿಚ್ಚಿಸಿದೆ. ನಾಲ್ಕೇ ದಿನದಲ್ಲಿ ಐದು ಕೇಸು ಬಿದ್ದವು. ಫೋಟೊಗಳ ಪ್ರಿಂಟ್ ಹಿಡಿದುಕೊಂಡು ಬಂದು ನನ್ನ ಮೇಜಿನ ಮೇಲೆ ಹರಡಿದರು: "ನೋಡ್ದ್ಯಾ? ಹಾರ ತೆಗೆಸ್ದೆ, ದೇವ್ರು ಕೈಬಿಟ್ಟ."

ಎಂಟು ಹಾಳೆ

ಫಾರಂನ ಕೊನೆಯಲ್ಲಿ ಡ್ರೈವರೇ ಬರೆದು ಸಹಿ ಹಾಕಬೇಕಾದ ಪ್ರಶ್ನೆ: ಕಳೆದ ಮೂರು ವರ್ಷದಲ್ಲಿ ನಿಮ್ಮಿಂದ ಆದ ಅಪಘಾತಗಳು? ಇಪ್ಪತ್ತೊಂಬತ್ತು ಜನ ಕಣ್ಣು ಮಿಟುಕಿಸದೆ 'ಇಲ್ಲ' ಅಂತ ಬರೆದರು. ಅದರಲ್ಲಿ ಒಬ್ಬನ ಟೆಂಪೋ ಆಗ ಗ್ಯಾರೇಜಿನಲ್ಲಿ ಮೂತಿ ಇಲ್ಲದೆ ನಿಂತಿತ್ತು.

ಚಿಂತಾಮಣಿ ಕಡೆಯ, ತೆಲುಗು ಬೆರೆಸಿ ಮಾತಾಡುವ ಒಬ್ಬರು ಮಾತ್ರ ಫಾರಂ ಮನೆಗೆ ಒಯ್ದು ಎಂಟು ಹಾಳೆ ತುಂಬಿಸಿ ತಂದರು. ಓದಿದೆ. 'ಒಂದು: ಕೈವಾರದ ಹತ್ತಿರ ಕೋಳಿ ಅಡ್ಡ ಬಂತು. ಬದುಕಿದೆ, ಆದರೆ ಆವತ್ತಿಂದ ಮೊಟ್ಟೆ ಇಡುತ್ತಿಲ್ಲ ಎಂದು ತಿಳಿದುಬಂದಿದೆ. ಎರಡು: ಮಾವನವರ ಮನೆ ಗೇಟಿಗೆ ತಗುಲಿತು. ಮೂರು: ಅದೇ ಗೇಟು, ವಾಪಸ್ ಬರುವಾಗ.'

"ಅಣ್ಣಾ, ಇದನ್ನೆಲ್ಲ ಯಾರು ಬರೀ ಅಂದ್ರು?"

"ಏಮಪ್ಪಾ, ನಿಜ ಬರೀಬೇಕು ಅಂತ ಕೆಳಗೆ ಪ್ರಿಂಟಾಗಿದೆ ಕದಾ?"

ಕಂಪನಿಯ ಲೆಕ್ಕದಂತೆ ಅಂಕ ಹಾಕಿದರೆ, ಮೂತಿ ಇಲ್ಲದ ಟೆಂಪೋದವನು 'ಸುರಕ್ಷಿತ', ಇವರು 'ಅತ್ಯಂತ ಅಪಾಯಕಾರಿ'. ನಿಜ ಹೇಳಿದವರನ್ನು ಕೆಳಗಿಳಿಸಿ ಸುಳ್ಳು ಹೇಳಿದವನಿಗೆ ಕೀ ಕೊಡೋದು ಹೇಗೆ ಅಂತ ತಲೆ ಕೆರೆದುಕೊಳ್ಳುತ್ತಾ ಕೂತಿದ್ದೆ. ಬಾಗಿಲ ತನಕ ಹೋದವರು ತಿರುಗಿ ಬಂದರು.

"ಇನ್ನೊಂದು ಹಾಳೆ ಕೊಡಪ್ಪಾ. ಇದನ್ನ ಕೊಡೋಕೆ ಬರುವಾಗ ಹೊರಗಡೆ ನಿನ್ನ ಸೈಕಲ್ ಬೀಳಿಸ್ದೆ."

ಸೊನ್ನೆ

ಸಂತೆ ದಿನ ಡ್ರೈವರುಗಳು ಸಾಲದಿದ್ದರೆ ಓನರೇ ಟೆಂಪೋ ಹತ್ತುತ್ತಾರೆ. ಸ್ಟೀರಿಂಗ್ ಮುಟ್ಟುವವರೆಲ್ಲ ಫೈಲಿನಲ್ಲಿರಬೇಕು ಅಂತ ನಿಯಮ. ಹೋಗಿ ಕೇಳಿದೆ.

"ಅಣ್ಣಾ, ನಿಮ್ಮ ಲೈಸೆನ್ಸ್?"

"ಇಪ್ಪತ್ತೆರಡು ವರ್ಷದಿಂದ ಓಡಿಸ್ತಿದೀನಿ, ಒಂದು ಕೇಸಿಲ್ಲ."

"ಅದು ಸರಿ, ಲೈಸೆನ್ಸ್?"

"ಯಾರೂ ಕೇಳಿಲ್ಲ ಕಣೋ. ನೀನೇ ಮೊದಲು."

ಇದನ್ನು ಬರೆದರೂ ಕ್ರೇಟು, ಬರೆಯದೆ ಸಿಕ್ಕಿಬಿದ್ದರೂ ಕ್ರೇಟು. ಆದರೆ ನನ್ನ ತಲೆ ಸಾಮಾನ್ಯವಾದದ್ದಲ್ಲ. ಅವತ್ತೇ ಅರ್ಜಿ ಹಾಕಿಸಿ ಕಲಿಕೆ ಲೈಸೆನ್ಸ್ ಮಾಡಿಸಿದೆ, ಅವರ ಕಾರಿಗೆ ಎಲ್ ಬೋರ್ಡ್ ಅಂಟಿಸಿದೆ. ಫೈಲಿನಲ್ಲಿ ನಿಜವನ್ನೇ ಬರೆದೆ: 'ಕೇಸುಗಳು: ಸೊನ್ನೆ. ಲೈಸೆನ್ಸ್: ಕಲಿಕೆಯದು, ಮೂರು ದಿನ ಹಳೆಯದು.'

ಇನ್‌ಸ್ಪೆಕ್ಟರ್ ಬಂದರು. ಫೈಲು ತಿರುವುತ್ತಾ ಒಂದೊಂದು ಪುಟಕ್ಕೂ ಮುಖ ಸಣ್ಣದು ಮಾಡಿದರು. ಕೊನೆಯ ಪುಟದಲ್ಲಿ ಸೊನ್ನೆ ಕಂಡಿತು. ಸೊನ್ನೆ ಕಂಡ ಮೇಲೆ ದೊಡ್ಡ ಅಧಿಕಾರಿಗಳು ಮುಂದೆ ಓದಲ್ಲ.

"ವಾಹ್! ಓನರೇ ಹೀಗಿದ್ರೆ ಸರಿ. ಬನ್ನಿ, ನಿಮ್ಮ ಜೊತೆನೇ ಚಿಂತಾಮಣಿ ಗೋಡೌನ್ ನೋಡಿ ಬರೋಣ."

ಕಾರಿನ ಹತ್ತಿರ ಬಂದವರು ನಿಂತರು. "ಇದೇನು, ಎಲ್ ಬೋರ್ಡ್?"

ಓನರ್ ಬಿಳಿ ಶರಟಿನ ಕಾಲರ್ ಸರಿಮಾಡಿಕೊಂಡು, ಒಂದು ಚೂರೂ ತಡವರಿಸದೆ ನನ್ನ ಕಡೆ ಕೈ ತೋರಿಸಿದರು. "ಈ ಹುಡುಗನಿಗೆ ಕಲಿಸ್ತಿದೀನಿ ಸಾರ್."

"ಓ, ಟ್ರೈನಿಂಗೂ ಇದೆಯಾ? ವೆರಿ ಗುಡ್. ಹಾಗಾದ್ರೆ ಅವನೇ ಓಡಿಸ್ಲಿ, ನಾನೂ ನೋಡ್ತೀನಿ."

ನನಗೆ ಲೈಸೆನ್ಸ್ ಇದೆ ಸ್ವಾಮಿ, ಪಕ್ಕಾ ಲೈಸೆನ್ಸ್. ನಾಲ್ಕು ವರ್ಷದ ಹಿಂದೆ ತಗೊಂಡಿದ್ದು. ಸಿಮ್ ಕಾರ್ಡ್ ತಗೊಳ್ಳುವಾಗ ತೋರಿಸಿದ್ದು ಬಿಟ್ಟರೆ ಬಳಸಿರಲಿಲ್ಲ, ಅಷ್ಟೇ. ಓನರ್ ಕಣ್ಣಲ್ಲೇ ಹೆದರಿಸಿದರು. ಕೂತೆ.

ಗೇಟು ದಾಟುವಷ್ಟರಲ್ಲಿ ನಾಲ್ಕು ಸಲ ಆಫ್ ಆಯಿತು. ಐದನೇ ಸಲ ಕಾರು ಕಪ್ಪೆ ಥರ ನೆಗೆದು ಹೂಕೋಸಿನ ರಾಶಿ ಹತ್ತಿತು. ಲೋಡಿಂಗಿನವರು ದಿಕ್ಕಾಪಾಲಾದರು. ಓನರ್ ಎಡಗಡೆಯಿಂದ ಬಗ್ಗಿ ಹ್ಯಾಂಡ್‌ಬ್ರೇಕ್ ಎಳೆದು, ನನ್ನನ್ನು ಆ ಕಡೆಗೆ ದಬ್ಬಿ, ತಾವೇ ಕೂತರು. ಮುಂದಿನ ಒಂದು ಗಂಟೆ ಹೊಟ್ಟೆಯಲ್ಲಿನ ನೀರು ಅಲುಗದ ಹಾಗೆ ಓಡಿಸಿದರು. ಇನ್‌ಸ್ಪೆಕ್ಟರ್ ಹಿಂದಿನ ಸೀಟಿನಲ್ಲಿ ನಿದ್ದೆ ಹೋದರು.

ಸಂಜೆ ಅವರು ಓನರ್ ಕೈ ಕುಲುಕಿ ಹೇಳಿದರು: "ಇಷ್ಟು ತಾಳ್ಮೆಯಿಂದ ಕಲಿಸೋರನ್ನ ನಾನು ನೋಡಿಲ್ಲ. ಕಾಂಟ್ರಾಕ್ಟ್ ನಿಮಗೇ. ಆದ್ರೆ ಫೈಲಿನಲ್ಲಿ ಒಂದು ಸಾಲು ಸೇರಿಸ್ಬೇಕು."

ಸೇರಿಸಿದೆ. ನಾನೇ ಟೈಪ್ ಮಾಡಿ, ನಾನೇ ಸಹಿ ಹಾಕಿದೆ. 'ಯಾವುದೇ ಸಂದರ್ಭದಲ್ಲೂ ವಾಹನ ಮುಟ್ಟಲು ಬಿಡಬಾರದವರು' ಅಂತ ಹೊಸ ಪಟ್ಟಿ. ಮೂವತ್ತು ಡ್ರೈವರುಗಳನ್ನೂ ಓನರನ್ನೂ ಹಿಂದೆ ಹಾಕಿ ಮೊದಲನೇ ಸ್ಥಾನದಲ್ಲಿ ನಾನಿದ್ದೇನೆ. ಎರಡನೆಯವರು ಯಾರೂ ಇಲ್ಲ.