ಗೋದಾವರಿ ಹೆಡ್‌ಲೈಟು ಉಜ್ಜಿದ್ದು

ರಘುಪತಿ ಆ ಮಾತನ್ನು ಕಾಫಿ ಲೋಟದೊಳಗೆ ನೋಡಿಕೊಂಡು ಹೇಳಿದ. ಹೆಂಡತಿಯ ಮುಖ ನೋಡಿದ್ದರೆ ಅಷ್ಟು ಹಗುರವಾಗಿ ಹೇಳುತ್ತಿರಲಿಲ್ಲವೇನೋ.

“ಹೆಡ್‌ಲೈಟ್ ಮಂಕಾಗಿದೆ ಮಾರಾಯ್ತಿ. ಅದೊಂದು ಸರಿಯಾಗಲಿ, ಆಮೇಲೆ ನೀನೇ ಬಿಡು.”

ಗೋದಾವರಿಗೆ ನಲವತ್ತೇಳು. ಕೊಪ್ಪದ ಡ್ರೈವಿಂಗ್ ಸ್ಕೂಲಿನಲ್ಲಿ ಕಾಲೇಜು ಹುಡುಗಿಯರ ಜೊತೆ ಕಲಿತು ಲೈಸೆನ್ಸು ಪಡೆದು ನಾಲ್ಕು ತಿಂಗಳಾಗಿತ್ತು. ಅಷ್ಟರಲ್ಲಿ ಸ್ಟಿಯರಿಂಗು ಕೈಗೆ ಸಿಕ್ಕಿದ್ದು ಒಂದೇ ಸಲ, ಗಂಡನನ್ನು ಪಕ್ಕ ಕೂರಿಸಿಕೊಂಡು ಹತ್ತಿರದ ಊರು ಭಂಡಿಗಡಿಗೆ ಹೋಗಿ ಬಂದಾಗ. ಆಮೇಲೆ ಒಮ್ಮೆ ಟೈರು ಸವೆದಿತ್ತು, ಒಮ್ಮೆ ಬ್ರೇಕು ಬಿಗಿಯಾಗಿತ್ತು, ಒಮ್ಮೆ ಅಮಾವಾಸ್ಯೆ ಬಂದಿತ್ತು. ಈಗ ಹೆಡ್‌ಲೈಟು.

ಆದರೆ ಇವತ್ತು ಸುಮ್ಮನಿರುವ ಹಾಗಿರಲಿಲ್ಲ. ನಾಳೆ ಬೆಳಿಗ್ಗೆ ಶೃಂಗೇರಿಯಲ್ಲಿ ಅಕ್ಕನ ಮಗಳು ರಮ್ಯಶ್ರೀಯ ಸೀಮಂತ. ಸಂಜೆ ಐದೂವರೆಗೆ ಹೊರಟರೆ ದಾರಿಯಲ್ಲೇ ಕತ್ತಲಾಗುತ್ತದೆ. ನಾನೇ ಕಾರು ಬಿಟ್ಟುಕೊಂಡು ಬರುತ್ತೇನೆ ಎಂದು ಗೋದಾವರಿ ಫೋನಿನಲ್ಲಿ ಹೇಳಿಬಿಟ್ಟಿದ್ದಳು. ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕಾಯುತ್ತೇನೆ ಎಂದಿದ್ದಳು ರಮ್ಯಶ್ರೀ. ಇದುವರೆಗೆ ಯಾರಾದರೂ ಗೋದಾವರಿಗಾಗಿ ಕಾದಿದ್ದರೆ ಅದು ತಿಂಡಿಗೆ, ಇಲ್ಲವೇ ಬೀರುವಿನ ಕೀಗೆ.

ರಘುಪತಿ ಹೈಸ್ಕೂಲಿನಲ್ಲಿ ಸ್ಪೆಷಲ್ ಕ್ಲಾಸು ತೆಗೆದುಕೊಳ್ಳಲು ನಡೆದುಕೊಂಡು ಹೋದ ಮೇಲೆ ಅವಳು ಕಾರಿನ ಮುಂದೆ ಕುಕ್ಕುರುಗಾಲಲ್ಲಿ ಕೂತಳು. ಹನ್ನೊಂದು ವರ್ಷದ ಬಿಸಿಲು ತಿಂದ ದೀಪಗಳೆರಡೂ ಕಾಮಾಲೆ ಹಿಡಿದವನ ಕಣ್ಣಿನಂತೆ ಅವಳನ್ನೇ ನೋಡುತ್ತಿದ್ದವು.

ಮೊದಲು ಟೂತ್‌ಪೇಸ್ಟು ಹಚ್ಚಿದಳು. ಪೇಸ್ಟು ಮುಗಿಯಿತು, ಕಾರಿನ ಬಾಯಿ ಘಮಘಮ ಎಂದಿತು, ಹಳದಿ ಅಲ್ಲೇ ಇತ್ತು. ಬೇಲಿಯಾಚೆ ಬಟ್ಟೆ ಒಣಗಿಸುತ್ತಿದ್ದ ಗುಡ್ಡಮ್ಮ, ಹಬ್ಬದ ಹಿಂದಿನ ದಿನ ದೀಪದ ಕಂಬ ಬೆಳಗುವುದು ಯಾತರಲ್ಲಿ ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಹುಣಸೆಹಣ್ಣು, ಬೂದಿ, ತೆಂಗಿನ ನಾರು ತಂದು ತಾನೇ ಉಜ್ಜತೊಡಗಿದಳು. ಅರ್ಧ ಗಂಟೆಯಲ್ಲಿ ಹೆಡ್‌ಲೈಟಿನ ಸುತ್ತಲಿನ ಕ್ರೋಮಿಯಂ ಪಟ್ಟಿ ಬೆಳ್ಳಿಯಂತೆ ಹೊಳೆಯಿತು. ಹೆಡ್‌ಲೈಟು ಮಾತ್ರ ಹುಳಿ ಬಿಟ್ಟ ಸಾರಿನ ಬಣ್ಣಕ್ಕೆ ತಿರುಗಿತು.

ಅಷ್ಟರಲ್ಲಿ ಎದುರು ಮನೆಯ ಷಡಕ್ಷರಿ ಬಂದರು. ಸರ್ವೆ ಇಲಾಖೆಯಿಂದ ರಿಟೈರಾದವರು, ಯಾವುದನ್ನೂ ನಾಲ್ಕು ದಿಕ್ಕಿನಿಂದ ನೋಡದೆ ಬಿಡುವವರಲ್ಲ. ನಾಲ್ಕೂ ದಿಕ್ಕಿನಿಂದ ನೋಡಿ, ಇದು ಮೇಲಿನ ಪೊರೆ, ಹೆರೆದು ತೆಗೆಯಬೇಕು ಎಂದು ತೀರ್ಪು ಕೊಟ್ಟರು. ಅವರ ಮನೆಯಲ್ಲಿ ಧರ್ಮಪ್ಪ ಎಂಬ ಪಾಲಿಶಿನವನು ಹೊಸ ಬಾಗಿಲಿಗೆ ಕೆಲಸ ಮಾಡುತ್ತಿದ್ದ. ಅವನು ಊಟಕ್ಕೆ ಹೋದ ಹೊತ್ತು ನೋಡಿ ಉಪ್ಪುಕಾಗದವೊಂದನ್ನು ಎತ್ತಿಕೊಂಡು ಬಂದರು. ಹಲಸಿನ ಹಲಗೆ ತರಿಯುವ ಕಾಗದ ಅದು. ನಾಲ್ಕು ಎಳೆತ ಎಳೆದಿದ್ದೇ ತಡ, ಹಳದಿಯೇನೋ ಹೋಯಿತು. ಅದರ ಜಾಗದಲ್ಲಿ ದೋಸೆಹಿಟ್ಟು ಬಳಿದಂಥ ಬಿಳುಪು. ಇನ್ನೊಂದು ಕಡೆಯೂ ಹೀಗೇ ಮಾಡಿದರೆ ಜೋಡಿಯಾದರೂ ಆಗುತ್ತದೆ ಎಂದ ಷಡಕ್ಷರಿ ಅದನ್ನೂ ಮುಗಿಸಿ, ಮಾತ್ರೆಯ ಹೊತ್ತಾಯಿತೆಂದು ಮನೆಗೆ ಹೋದರು.

ಗೋದಾವರಿ ಮೆಟ್ಟಿಲ ಮೇಲೆ ಕೂತಳು. ಮಂಕಾಗಿದ್ದದ್ದನ್ನು ಕುರುಡೇ ಮಾಡಿದೆನಲ್ಲ ಎಂದುಕೊಂಡಳು. ಅಳು ಬರಲಿಲ್ಲ, ರಮ್ಯಶ್ರೀ ಹಾಕಿಸುವ ಕುರ್ಚಿ ಕಣ್ಣ ಮುಂದೆ ಬಂತು.

ಕಾಗದ ಹುಡುಕಿಕೊಂಡು ಧರ್ಮಪ್ಪ ಬಂದ. ಕಾರಿನ ಮುಖ ನೋಡಿ ತಲೆ ಮೇಲಿನ ಟವೆಲ್ ತೆಗೆದ, ಸಾವಿನ ಮನೆಗೆ ಬಂದವರ ಹಾಗೆ.

“ಅಮ್ಮಾ, ಗೀರಿಗೆ ಗೀರೇ ಮದ್ದು,” ಎಂದ. “ದೊಡ್ಡ ಗೀರನ್ನ ಸಣ್ಣ ಗೀರು ತಿನ್ಬೇಕು, ಸಣ್ಣದನ್ನ ಇನ್ನೂ ಸಣ್ಣದು. ನೀರು ಹಾಕ್ತಾ ಉಜ್ಜಿ. ಅವಸರ ಮಾಡ್ಬೇಡಿ, ಅದು ನಿಮ್ಮ ಕೈ ನಂಬಬೇಕು.”

ಒಂದಕ್ಕಿಂತ ಒಂದು ನಯವಾದ ನಾಲ್ಕು ಬಗೆಯ ವಾಟರ್ ಪೇಪರು, ಒಂದು ಡಬ್ಬಿ ಬಿಳಿ ಪಾಲಿಶು ಕೊಟ್ಟು ಅವನು ತನ್ನ ಬಾಗಿಲಿಗೆ ಹೋದ. ಗೋದಾವರಿ ಉಜ್ಜಿದಳು. ಊಟ ಮರೆತಳು. ಬೆರಳ ತುದಿಗಳು ಸವೆದು ನುಣ್ಣಗಾದವು. ಮೂರನೆಯ ಕಾಗದ ಮುಗಿಯುವಾಗ ಒಳಗಿನ ಬಲ್ಬು ಮಳೆಹನಿ ಕೂತ ಗಾಜಿನಾಚೆಯ ಮುಖದಂತೆ ಕಂಡಿತು. ಪಾಲಿಶು ಹಚ್ಚಿ ಸೀರೆಯ ಹಳೇ ತುಂಡಿನಿಂದ ಒರೆಸಿದಾಗ ಅಲ್ಲಿ ಏನೂ ಇರಲಿಲ್ಲ, ಬರೀ ತಿಳಿ. ಅವಳ ಮುಖವೇ ಎರಡಾಗಿ ಕಂಡಿತು. ಎರಡೂ ನಗುತ್ತಿದ್ದವು.

ಐದಕ್ಕೆ ರಘುಪತಿ ಬಂದಾಗ ಅಂಗಳದಲ್ಲಿ ಗುಡ್ಡಮ್ಮನೂ ಷಡಕ್ಷರಿಯೂ ಇದ್ದರು. ಹುಣಸೆಹಣ್ಣು ಅಡಿಪಾಯ ಹಾಕಿದ್ದರಿಂದಲೇ ಇಷ್ಟಾಯಿತು ಎಂದು ಒಬ್ಬರು, ಹೆರೆಯದಿದ್ದರೆ ಆಗುತ್ತಿತ್ತೇ ಎಂದು ಇನ್ನೊಬ್ಬರು. ಲೈಟು ಹಾಕಿದರೆ ಷಡಕ್ಷರಿಯವರ ಗೋಡೆಯ ಮೇಲೆ ಎರಡು ಹುಣ್ಣಿಮೆ.

ರಘುಪತಿ ಬಹಳ ಹೊತ್ತು ನೋಡಿದ. ಆಮೇಲೆ, ಮಂಜಿಗೆ ಹಳದಿ ಬೆಳಕೇ ಒಳ್ಳೆಯದು, ಬಿಳಿ ಬೆಳಕು ತಿರುಗಿ ಕಣ್ಣಿಗೇ ಹೊಡೆಯುತ್ತದೆ ಎಂದ.

ಗೋದಾವರಿ ಒಳಗೆ ಹೋಗಿ ಸೀರೆ ಬದಲಾಯಿಸಿದಳು. ಹೊರಬರುವಾಗ ಅವನು ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಕೀ.

“ನಿನ್ನ ಡ್ರೈವಿಂಗ್ ಬಗ್ಗೆ ಎಂತ ಭಯವೂ ಇಲ್ಲ ನಂಗೆ,” ಎಂದ. “ಭಂಡಿಗಡಿಗೆ ಹೋದಾಗ ನೀನು ಒಂದು ಮಾತಾಡ್ಲಿಲ್ಲ. ಹೋಗುವಾಗಲೂ ಇಲ್ಲ, ಬರುವಾಗಲೂ ಇಲ್ಲ.”

“ಗೇರ್ ಹಾಕೋದಾ, ಮಾತಾಡೋದಾ?”

“ಅದೇ. ಮನೇಲಿ ನೀನು ಅಡಿಗೆಮನೆ, ನಾನು ಪೇಪರ್ ತಿದ್ದೋದು. ಕಾರಲ್ಲಿ ಪಕ್ಕ ಕೂತಾಗ ಮಾತ್ರ ನೀನು ನನ್ನತ್ರ ಎಲ್ಲ ಹೇಳ್ತಿ. ಆವತ್ತು ಬಸ್ಸಲ್ಲಿ ಒಬ್ಬನೇ ಹೋದ ಹಾಗಾಯ್ತು.”

ಕೀ ಅವಳ ಅಂಗೈಗಿಟ್ಟ. “ನೀನೇ ಬಿಡು. ಸುಮ್ನೆ ಹೇಳಿದೆ.”

ಗೋದಾವರಿ ಕೀ ಹಿಡಿದು ನಿಂತಳು. ಈ ಕಾರಿನಲ್ಲಿ ಅವಳು ಹನ್ನೊಂದು ವರ್ಷ ಮಾತಾಡಿದ್ದು ಅವನು ಕೇಳುತ್ತಿಲ್ಲವೆಂಬ ಧೈರ್ಯದಿಂದ. ಅವನ ಗಮನವೆಲ್ಲ ರಸ್ತೆಯ ಮೇಲೆ, ಬಾಯಲ್ಲಿ ಬರೀ ಒಂದು ಹೂಂ. ಆ ಹೂಂನೊಳಗೆ ಅವಳು ಏನೆಲ್ಲ ಸುರಿದಿದ್ದಳು! ಮದುವೆಗೆ ಮೊದಲು ಟೀಚರ್ ಆಗಬೇಕೆಂದಿದ್ದದ್ದು, ಉಳಿಯದೆ ಹೋದ ಮಗುವಿಗೆ ಮನಸ್ಸಿನಲ್ಲೇ ಇಟ್ಟ ಹೆಸರು, ನಾದಿನಿಯ ಜಿಪುಣತನ, ಇವನ ಗೊರಕೆ.

“ಎಲ್ಲ ಕೇಳಿಸ್ತಿತ್ತಾ?”

“ಎಲ್ಲ.”

“ನಿಮ್ಮ ತಂಗಿ ವಿಷಯ?”

“ಅದೂ. ಸರಿಯಾಗೇ ಹೇಳಿದ್ದಿ.”

ಅವಳು ಬಲಗಡೆಯ ಬಾಗಿಲವರೆಗೆ ಹೋದಳು. ಎಡಗಡೆ ನೋಡಿದಳು. ಕೇಳುವವನೊಬ್ಬ ಇಷ್ಟು ವರ್ಷ ಪಕ್ಕದಲ್ಲೇ ಇದ್ದ ಎಂದಾದರೆ, ಅವನ ಪಕ್ಕ ಒಂದು ಸಲ ಅದನ್ನು ತಿಳಿದೇ ಕೂರಬೇಕು ಅನ್ನಿಸಿತು. ಕೀ ಅವನ ಕೈಗೆ ಹಿಂತಿರುಗಿತು. ರಮ್ಯಶ್ರೀಗೆ ಏನು ಹೇಳುವುದೋ ಹೊಳೆಯಲಿಲ್ಲ.

ಕೊಪ್ಪ ದಾಟಿತು. ಕತ್ತಲು ಇಳಿಯಿತು. ಅವಳು ಉಜ್ಜಿದ ಬೆಳಕಿನಲ್ಲಿ ರಸ್ತೆಯ ಒಂದೊಂದು ಕಲ್ಲೂ ನಿಚ್ಚಳವಾಗಿ ಕಂಡಿತು. ಹೇಳುವುದಕ್ಕೆ ರಾಶಿಯಿತ್ತು. ಆದರೆ ಕೇಳುತ್ತಾನೆಂದು ಗೊತ್ತಾದ ಮೇಲೆ ಪ್ರತಿ ಮಾತಿಗೂ ನಾಚಿಕೆ ಅಡ್ಡ ಬಂತು. ಸೆರಗಿನ ತುದಿ ಸುತ್ತಿದಳು, ಬಿಚ್ಚಿದಳು. ಹೊಸದಾಗಿ ಮದುವೆಯಾದವಳ ಹಾಗೆ ಕಿಟಕಿಯಾಚೆ ನೋಡಿದಳು.

ಒಂದು ತಿರುವು, ಇನ್ನೊಂದು ತಿರುವು.

“ಹೂಂ,” ಎಂದ ರಘುಪತಿ, ರಸ್ತೆಯಿಂದ ಕಣ್ಣು ತೆಗೆಯದೆ.

ಅವಳಿನ್ನೂ ಏನೂ ಹೇಳಿರಲಿಲ್ಲ.