ಸ್ಟೇರಿಂಗಿಗೆ ನಾಲ್ಕು ಕೈ

ಹತ್ತು ವರ್ಷ ಗಾಡಿ ಓಡಿಸಿದವನಿಗೆ ಅದರ ಹೊಟ್ಟೆಯೊಳಗಿನ ಸಂಗತಿಯೆಲ್ಲ ತಾನಾಗಿಯೇ ಗೊತ್ತಾಗಿರುತ್ತದೆ ಎಂಬುದು ಸಿದ್ದಾಪುರದ ಯಂಕೋಬನ ದೃಢ ನಂಬಿಕೆ. ಹೀಗಾಗಿ, ಗಂಗಾವತಿಯ ಮಿಲ್ಲುಗಳಿಗೆ ಭತ್ತದ ಚೀಲ ಸಾಗಿಸುವ ತನ್ನ ಪಿಕಪ್ ಕೆಳಗೆ ಒಂದು ಮುಂಜಾನೆ ತಟ್ಟೆಯಗಲ ಕೆಂಪು ಎಣ್ಣೆ ಕಂಡಾಗ ಅವನು ಗಾಬರಿಯಾಗಲಿಲ್ಲ. ಎರಡು ದಿನದಿಂದ ಸ್ಟೇರಿಂಗ್ ಬಿಗಿಯಾಗಿತ್ತು, ತಿರುಗಿಸಿದರೆ ನರಳುತ್ತಿತ್ತು. ಪವರ್ ಸ್ಟೇರಿಂಗಿನ ಆಯಿಲ್ ಸೋರುತ್ತಿದೆ ಎಂದು ಅವನೇ ಪತ್ತೆ ಹಚ್ಚಿದ. ರೋಗ ತಿಳಿದ ಮೇಲೆ ಮದ್ದು ಎಷ್ಟರ ಮಾತು!

ಮರುದಿನ ಮಂಗಳೂರಿನಲ್ಲಿ ಬಸುರಿ ನಾದಿನಿ ರೂಪಾಳ ಕುಬಸ, ಸೀಮಂತದ ಕಾರ್ಯ. ಕಡಲಿರುವ ಮಂಗಳೂರಲ್ಲ, ಯಲಬುರ್ಗಾ ಕಡೆಯ ಮಂಗಳೂರು. ತಾಯಿಯಿಲ್ಲದ ರೂಪಾಳಿಗೆ ತವರಿನ ಬುತ್ತಿ ಒಯ್ಯಬೇಕಾದವಳು ಅಕ್ಕ ಯಮನೂರಮ್ಮ, ಅಂದರೆ ಯಂಕೋಬನ ಹೆಂಡತಿ. ಮೂರು ದಿನದಿಂದ ಆಕೆ ಸಜ್ಜೆ ರೊಟ್ಟಿ ತಟ್ಟಿ, ಶೇಂಗಾ ಹೋಳಿಗೆ ಬೇಯಿಸಿ ಬುಟ್ಟಿ ತುಂಬಿಸುತ್ತಿದ್ದಳು. ಮಧ್ಯಾಹ್ನ ಹನ್ನೆರಡರೊಳಗೆ ಬುತ್ತಿ ಮುಟ್ಟದಿದ್ದರೆ ಬೀಗರ ಮುಂದೆ ತಂಗಿ ತಲೆ ತಗ್ಗಿಸಬೇಕಾಗುತ್ತದೆ. ಅದಕ್ಕೇ ಆಕೆ, ಗಾಡಿಯನ್ನು ಇವತ್ತೇ ಗಂಗಾವತಿಯ ಅಮೀನಸಾಬರ ಗ್ಯಾರೇಜಿಗೆ ಒಯ್ದು ತೋರಿಸಿರಿ ಎಂದಳು.

“ಅಮೀನಸಾಬ ಬಾನೆಟ್ ಎತ್ತೂದರಾಗ ನಾ ರಿಪೇರಿ ಮಾಡಿ ಮುಗಿಸಿರ್ತೀನಿ, ನೀ ನೋಡ್ತಿರು,” ಎಂದ ಯಂಕೋಬ.

ಮೊಬೈಲಿನಲ್ಲಿ ಒಂದು ವಿಡಿಯೊ ಹಚ್ಚಿದ. ಅರ್ಧ ನೋಡುವಷ್ಟರಲ್ಲಿ ಪೂರ್ತಿ ವಿದ್ಯೆ ಬಂದಂತೆನಿಸಿ ಮೊಬೈಲನ್ನು ಕಿಸೆಗೆ ಹಾಕಿಕೊಂಡ. ಗಾಡಿಯ ಕೆಳಗೆ ತೂರಿ ನೋಡಿದರೆ ರಬ್ಬರ್ ಪೈಪೊಂದು ಎಣ್ಣೆಯಲ್ಲಿ ತೊಯ್ದಿತ್ತು. ಅಪರಾಧಿ ಇವನೇ ಎಂದು ತೀರ್ಪು ಕೊಟ್ಟು, ಹಳೆಯ ಸೈಕಲ್ ಟ್ಯೂಬನ್ನು ಉದ್ದುದ್ದ ಕತ್ತರಿಸಿ, ಮುರಿದ ಕೈಗೆ ಪಟ್ಟಿ ಕಟ್ಟಿದಂತೆ ಸುತ್ತಿ, ಮೇಲೆ ತಂತಿ ಬಿಗಿದ. ಬಿಗಿಯುವಾಗ ಪೈಪನ್ನು ನಾಲ್ಕಾರು ಸಲ ಜಗ್ಗಿದ್ದೂ ಆಯಿತು. ಊರಿನ ಅಂಗಡಿಯಲ್ಲಿದ್ದ ಒಂದೇ ಒಂದು ಬಾಟಲಿ ಆಯಿಲ್ ತಂದು ಬಾನೆಟ್ಟಿನೊಳಗಿನ ಸ್ಟೇರಿಂಗ್ ಆಯಿಲ್ ಡಬ್ಬಿಗೆ ಸುರಿದ.

ಇನ್ನು ಒಳಗಿನ ಗಾಳಿ ತೆಗೆಯಬೇಕು. ಅದಕ್ಕೆ ಎಂಜಿನ್ ಚಾಲೂ ಇಟ್ಟು ಒಬ್ಬರು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಿರಬೇಕು. ಯಮನೂರಮ್ಮ ಹಿಟ್ಟಿನ ಕೈ ತೊಳೆದುಕೊಂಡು ಬಂದು, ಜೀವನದಲ್ಲಿ ಮೊದಲ ಸಲ ಡ್ರೈವರ್ ಸೀಟಿನಲ್ಲಿ ಕುಳಿತಳು. ಯಂಕೋಬ ಕೈಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟು ಕೆಳಗೆ ಮಲಗಿದ.

ಆಕೆ ಎರಡು ಸಲ ತಿರುಗಿಸಿದ್ದಷ್ಟೆ. ಅವನು ಜಗ್ಗಿದ್ದ ಪೈಪು ಮೇಲಿನ ಡಬ್ಬಿಯಿಂದ ಕಳಚಿತು. ಬಾಟಲಿ ಆಯಿಲ್ ಪೂರಾ ಯಂಕೋಬನ ಮುಖದ ಮೇಲೆ ಅಭಿಷೇಕವಾಗತೊಡಗಿತು. ಅವನು ಸಾಕು, ಸಾಕು ಎಂದು ಕೂಗಿದ. ಎಂಜಿನ್ ಸದ್ದಿನಲ್ಲಿ ಅದು ಮೇಲಿದ್ದವಳಿಗೆ ಹಾಕು, ಹಾಕು ಎಂದು ಕೇಳಿಸಿತು. ಗಂಡ ಹುರುಪಿನಲ್ಲಿದ್ದಾನೆಂದು ಆಕೆಯೂ ಸೆರಗು ಸಿಕ್ಕಿಸಿ ಇನ್ನೂ ಜೋರಾಗಿ ತಿರುಗಿಸಿದಳು. ಡಬ್ಬಿ ಬರಿದಾದ ಮೇಲೆಯೇ ಅಭಿಷೇಕ ನಿಂತದ್ದು.

ಹೊರಗೆ ತೆವಳಿ ಬಂದ ಆಕೃತಿಯನ್ನು ನೋಡಿ ಯಮನೂರಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಅವನ ಕಣ್ಣು ಉರಿಯುತ್ತಿರುವುದು ಕಂಡಾಗ ನಗು ನಿಲ್ಲಿಸಿ, ಬಿಸಿನೀರು ತಂದು ತಾನೇ ತಿಕ್ಕಿ ತೊಳೆದಳು. ಬುತ್ತಿಯ ಜುಣಕಕ್ಕೆಂದು ತೆಗೆದಿಟ್ಟಿದ್ದ ಕಡಲೆ ಹಿಟ್ಟಿನಲ್ಲಿ ಅರ್ಧಪಾಲು ಯಂಕೋಬನ ಮೀಸೆಗೇ ಖರ್ಚಾಯಿತು. ಆಯಿಲ್ ಇಲ್ಲದಿದ್ದರೂ ಗಾಡಿ ಓಡುತ್ತದೆ, ತೋಳಿನಲ್ಲಿ ಕಸುವಿದ್ದರೆ ಸಾಕು, ಬೇಕಾದರೆ ನಾಳೆ ಹಾದಿಯಲ್ಲೇ ಅಮೀನಸಾಬನಿಗೆ ತೋರಿಸಿದರಾಯಿತು ಎಂದು ಅವನು ಹಿಟ್ಟಿನ ನಡುವಿನಿಂದಲೇ ಸಮಾಧಾನ ಹೇಳಿದ.

ಆ ಕಸುವು ಮರುದಿನ ಊರಾಚೆಯ ಕಾಲುವೆ ಸೇತುವೆಯ ತಿರುವಿನವರೆಗೆ ಬಂತು. ಅಲ್ಲಿ ಯಂಕೋಬ ಸೀಟಿನಿಂದ ಅರ್ಧ ಎದ್ದು ಜಗ್ಗಿದರೂ ಸ್ಟೇರಿಂಗ್ ಒಂದು ಗೇಣು ಸರಿಯಿತಷ್ಟೆ. ಗಾಡಿ ಕಾಲುವೆಯ ಕಟ್ಟೆಗೆ ಮುಖ ಮಾಡಿ ನಿಂತಿತು. ಹಿಂದೆ ಟ್ರ್ಯಾಕ್ಟರೊಂದು ಹಾರ್ನ್ ಹೊಡೆಯತೊಡಗಿತು. ಯಮನೂರಮ್ಮ ಒಮ್ಮೆ ಬುತ್ತಿಯ ಬುಟ್ಟಿಗಳ ಕಡೆ ನೋಡಿದಳು, ಒಮ್ಮೆ ಗಂಡನ ಕತ್ತಿನ ಬೆವರು ನೋಡಿದಳು. ಪಕ್ಕಕ್ಕೆ ಸರಿದು ಬಂದು ಸ್ಟೇರಿಂಗಿಗೆ ಎರಡೂ ಕೈ ಹಾಕಿದಳು.

“ಬೀಸೂಕಲ್ಲ ಹಿಡದಂಗ ಹಿಡೀರಿ. ಒಬ್ರ ಜಗ್ಗಾಡಬ್ಯಾಡ್ರಿ. ನಾ ಹೂಂ ಅಂದಾಗ ನೀವು ಜಗ್ಗರಿ, ನಾ ದೂಡತೀನಿ.”

ಸ್ಟೇರಿಂಗ್ ತಿರುಗಿತು. ಗಂಗಾವತಿಯವರೆಗೆ ಗಾಡಿ ಎತ್ತಿನ ಬಂಡಿಯ ವೇಗದಲ್ಲಿ ಸಾಗಿತು. ತಿರುವು ಬಂದಾಗಲೆಲ್ಲ ಆಕೆ ಹೂಂ ಅನ್ನುವಳು, ಅವನು ಜಗ್ಗುವನು. ನಾಲ್ಕನೇ ತಿರುವಿನ ಹೊತ್ತಿಗೆ ತಾನು ಆ ಹೂಂಗಾಗಿ ಕಾಯುತ್ತಿರುವುದು ಯಂಕೋಬನಿಗೇ ಗೊತ್ತಾಯಿತು.

ಅಮೀನಸಾಬರು ಬಾನೆಟ್ ಎತ್ತಿ ಇಣುಕಿದರು. ಕಳಚಿದ್ದ ಪೈಪನ್ನು ಡಬ್ಬಿಯ ಬಾಯಿಗೆ ಸಿಕ್ಕಿಸಿ, ಅಲ್ಲಿ ಸಡಿಲಾಗಿದ್ದ ಕ್ಲಿಪ್ಪನ್ನು ಸ್ಕ್ರೂಡ್ರೈವರಿನಿಂದ ಬಿಗಿದು, ಆಯಿಲ್ ತುಂಬಿ, ಗಾಳಿ ತೆಗೆದರು. ಮೊದಲಿನಿಂದಲೂ ಎಣ್ಣೆ ಮೇಲೆ ಆ ಕ್ಲಿಪ್ಪಿನ ಬಳಿ ಸೋರಿ ಪೈಪಿನ ಮೈಮೇಲೆ ಇಳಿಯುತ್ತಿತ್ತಷ್ಟೆ. ಆಮೇಲೆ ಅವರು ಟ್ಯೂಬಿನ ಪಟ್ಟಿಯನ್ನು ಸುತ್ತು ಸುತ್ತಾಗಿ ಬಿಚ್ಚಿ, ಬಹಳ ಮರ್ಯಾದೆಯಿಂದ ಕೇಳಿದರು: “ಅಣ್ಣಾರ, ಈ ಪೈಪಿಗೆ ಏನಾಗಿತ್ರಿ?”

“ಏನೂ ಆಗಿದ್ದಿಲ್ಲ,” ಎಂದ ಯಂಕೋಬ, ನೆಲ ನೋಡುತ್ತ.

ಗಂಟೆ ಒಂಬತ್ತೂವರೆ. ಬುತ್ತಿಗೆ ಇನ್ನು ಭಯವಿರಲಿಲ್ಲ. ಕೊಪ್ಪಳದ ರಸ್ತೆಗೆ ತಿರುಗಿದಾಗ ಸ್ಟೇರಿಂಗ್ ಬೆಣ್ಣೆಯಂತೆ ಸರಿಯಿತು. ಆದರೆ ಯಮನೂರಮ್ಮನ ಒಂದು ಕೈ ಇನ್ನೂ ಅದರ ಮೇಲೇ ಇತ್ತು.

“ಇನ್ನ ಕೈ ಬಿಡು. ರಿಪೇರಿ ಆಗೇತಲ್ಲ,” ಎಂದ ಯಂಕೋಬ.

“ಗಾಡಿ ರಿಪೇರಿ ಆತು ಅಂತ ಅಮೀನಸಾಬರು ಹೇಳಿದ್ರು,” ಎಂದಳು ಯಮನೂರಮ್ಮ, ರಸ್ತೆ ನೋಡುತ್ತಲೇ. “ನಿಮ್ಮ ಬಗ್ಗೆ ಏನೂ ಹೇಳಲಿಲ್ರಿ.”