ಹತ್ತು ನಮಸ್ಕಾರಗಳ ಸಂಹಿತೆ

ಬಹಳ ಹಿಂದೆ, ಅಂದರೆ ಜನರಿಗೆ ತಮ್ಮ ಪಾಸ್‌ವರ್ಡ್ ತಮಗೇ ನೆನಪಿರುತ್ತಿದ್ದ ಕಾಲದಲ್ಲಿ, ಪಗಡಾವತಿ ಎಂಬ ಒಂದು ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ಸಂತೃಪ್ತವರ್ಮರು ಆಳುತ್ತಿದ್ದರು. ಆಳುತ್ತಿದ್ದರು ಎನ್ನುವುದು ನಮ್ಮ ಪತ್ರಿಕೆಯ ಮರ್ಯಾದೆಗೆ ಬರೆದ ಮಾತು. ಅವರು ದಿನವಿಡೀ ಮಾಡುತ್ತಿದ್ದುದು ಚೌಕಾಬಾರ ಆಡುವುದು. ನಾಲ್ಕು ಕವಡೆ ಕುಲುಕಿ ನೆಲಕ್ಕೆ ಎಸೆಯುವುದು, ನಾಲ್ಕೂ ಬೋರಲು ಬಿದ್ದರೆ 'ಬಾರ' ಎಂದು ಕೂಗಿ ಕಾಯಿಯನ್ನು ಎಂಟು ಮನೆ ನಡೆಸುವುದು, ಬೀಳದಿದ್ದರೆ ಕವಡೆಯನ್ನು ಬಯ್ಯುವುದು. ರಾಜರಿಗೆ ಹಿಡಿದ ಹುಚ್ಚು ಪ್ರಜೆಗಳಿಗೂ ಹಿಡಿಯಿತು, ಅದೇನು ಹೊಸದಲ್ಲ.

ಆಟದ ವಿಷಯ ಮಾತಾಡಲೆಂದು ಅರಮನೆಯವರು 'ರಾಜಕವಡೆ' ಎಂಬ ಆನ್‌ಲೈನ್ ಫೋರಂ ತೆರೆದರು. ಅದು ಎಷ್ಟು ಚೆನ್ನಾಗಿ ನಡೆಯಿತೆಂದರೆ ಮಹಾರಾಜರು ದರ್ಬಾರನ್ನೇ ಮುಚ್ಚಿಸಿಬಿಟ್ಟರು. ಇನ್ನು ಮುಂದೆ ದೂರು, ಅಹವಾಲು, ಪರರಾಜರ ಪತ್ರ ಎಲ್ಲವೂ ಫೋರಮ್ಮಿನಲ್ಲೇ ಪೋಸ್ಟ್ ಆಗತಕ್ಕದ್ದು, ಬಾಯಲ್ಲಿ ಹೇಳಿದ್ದು ಹೇಳಿದಂತಲ್ಲ ಎಂದು ಡಂಗುರ ಹೊಡೆಸಿದರು. ರಾಜದೂತರಿಗೆಲ್ಲ ಒಂದೊಂದು ಶಾಲು ಹೊದಿಸಿ ಮನೆಗೆ ಕಳಿಸಿದರು.

ಒಂದು ದಿನ ಯಾವನೋ ಹೊಸಬ ಫೋರಮ್ಮಿಗೆ ಬಂದವನೇ, ಹಿಂದಿಲ್ಲ ಮುಂದಿಲ್ಲ, 'ನಡುಮನೆ ಸೇರಿ ಹಣ್ಣಾಗೋ ಕಾಯಿ ಬಿಟ್ಟು ರಾಜರು ನಿನ್ನೆ ಇನ್ನೊಂದು ಕಾಯಿ ಯಾಕೆ ನಡೆಸಿದ್ರು?' ಎಂದು ಕೇಳಿಬಿಟ್ಟ. ಆ ಮಧ್ಯಾಹ್ನ ಮಹಾರಾಜರಿಗೆ ಊಟ ಸೇರಲಿಲ್ಲ. ಹನ್ನೊಂದು ಹೋಳಿಗೆಗೇ ಕೈ ತೊಳೆದರು. ಶಿಷ್ಟಾಚಾರ ಖಾತೆಯ ಸಚಿವ ವಿನಯಪಾಣಿಗೆ ಕರೆ ಹೋಯಿತು.

"ಅವನು ಕೇಳಿದ್ದು ಸರಿಯೇನ್ರೀ?" ಎಂದರು ಮಹಾರಾಜರು.

"ಪ್ರಭು, ಪ್ರಶ್ನೆ ಸರಿಯೋ ತಪ್ಪೋ ಅದು ಆಮೇಲಿನ ಮಾತು. ಕೇಳಿದ ರೀತಿ ನೋಡಿ. ಒಂದು ನಮಸ್ಕಾರ ಇಲ್ಲ, ತಾನು ಯಾರು ಅಂತ ಇಲ್ಲ. ಇಂಥವರಿಗೆ ಉತ್ತರ ಕೊಟ್ರೆ ಉತ್ತರಕ್ಕೇ ಅವಮಾನ."

"ನೀವು ಹೇಳೋದು ಕೇಳ್ತಾ ಇದ್ರೆ ನಾನು ನಡೆಸಿದ ಕಾಯೇ ಸರಿ ಅನ್ನಿಸ್ತಾ ಇದೆ."

"ಅದಕ್ಕೇ ಪ್ರಭು ನಾನು ಹೇಳ್ತಾ ಇರೋದು."

ಹೀಗೆ ಹುಟ್ಟಿದ್ದು 'ನವಾಗತರ ಪೋಸ್ಟಿಂಗ್ ಸಂಹಿತೆ'. ಅದರ ಮೊದಲ ಪುಟವನ್ನು ನಾನು ಓದಿದ್ದೇನೆ. ಕೇಳುವ ಮೊದಲು ಹಳೆಯ ಪೋಸ್ಟುಗಳಲ್ಲಿ ಹುಡುಕಿ, ಯಾರನ್ನೂ ಬಯ್ಯಬೇಡಿ, ಒಂದೇ ಮಾತನ್ನು ನಾಲ್ಕು ಕಡೆ ಹಾಕಬೇಡಿ, ದಪ್ಪ ಅಕ್ಷರದಲ್ಲಿ ಅರಚಬೇಡಿ. ಸುಳ್ಳು ಯಾಕೆ ಹೇಳಲಿ, ಇಷ್ಟನ್ನು ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ ಯಾರಾದರೂ ಕಲಿಸಿದರೆ ನಾನು ಅವರ ಕಾಲಿಗೆ ಬೀಳುತ್ತೇನೆ. ಆದರೆ ವಿನಯಪಾಣಿಯ ಕೈಕೆಳಗೆ ಒಂದು ಇಡೀ ಖಾತೆ ಇತ್ತು. ನಲವತ್ತು ಜನ ಮಾಡರೇಟರುಗಳು, ಎರಡು ಮಹಡಿ, ಮಧ್ಯಾಹ್ನದ ಊಟ. ಅಷ್ಟೆಲ್ಲ ಇಟ್ಟುಕೊಂಡು ಒಂದೇ ಪುಟಕ್ಕೆ ನಿಲ್ಲಿಸಲು ಯಾವ ಸಚಿವನಿಗೆ ಮನಸ್ಸು ಬರುತ್ತದೆ ಹೇಳಿ. ನಿಯಮಗಳು ನೂರಹನ್ನೆರಡಾದವು.

ಹೊಸಬನು ಮೊದಲು 'ಸ್ವಪರಿಚಯ' ವಿಭಾಗದಲ್ಲಿ ತನ್ನ ಪರಿಚಯ ಬರೆಯಬೇಕು. ಅದಕ್ಕೆ ಹತ್ತು ಮಂದಿ ಹಿರಿಯ ಸದಸ್ಯರು ನಮಸ್ಕಾರ ಎಂದು ಉತ್ತರಿಸಬೇಕು. ಹತ್ತು ನಮಸ್ಕಾರ ತುಂಬುವವರೆಗೆ ಆತ ಬೇರೆಲ್ಲೂ ಒಂದಕ್ಷರ ಬರೆಯುವಂತಿಲ್ಲ. ಹಿರಿಯರೋ, ತಮ್ಮ ಹಳೆಯ ಪೋಸ್ಟನ್ನು ಹೊಗಳದವರಿಗೆ ನಮಸ್ಕಾರ ಕೊಡುತ್ತಿರಲಿಲ್ಲ. ಬೇರೆಲ್ಲೂ ಬರೆಯುವಂತಿಲ್ಲದವನು ಹೊಗಳುವುದೆಲ್ಲಿ ಎಂದು ನೀವು ಕೇಳಬಹುದು. ಕೇಳಬೇಡಿ, ನಿಮಗಿನ್ನೂ ಹತ್ತು ನಮಸ್ಕಾರ ಆಗಿಲ್ಲ.

ನೂರಹನ್ನೆರಡನೆಯ ನಿಯಮವೊಂದನ್ನು ಮಾತ್ರ ಇಲ್ಲಿ ಹೇಳಲೇಬೇಕು. ಪಗಡಾವತಿಯಲ್ಲಿ ತಲೆತಲಾಂತರದಿಂದ ಒಂದು ಪದ್ಧತಿಯಿತ್ತು. ಆಟಕ್ಕೆ ಕೂರುವ ಮೊದಲು ಎದುರಾಳಿಯ ಕವಡೆಯನ್ನು ಕೈಗೆ ತೆಗೆದುಕೊಂಡು ಕಿವಿಯ ಹತ್ತಿರ ಕುಲುಕಿ ನೋಡುತ್ತಿದ್ದರು. ಬಂದ ಅತಿಥಿಯ ಕವಡೆಯನ್ನು ಅನುಮಾನಿಸುವುದು ಅಸಭ್ಯತನ ಎಂದು ವಿನಯಪಾಣಿ ಅದನ್ನು ಕಿತ್ತುಹಾಕಿದ. ಮಹಾರಾಜರು ಆ ಜಾಗದಲ್ಲಿ ಖುದ್ದು ಸ್ಮೈಲಿ ಒತ್ತಿದರು.

ಪಗಡಾವತಿಗೂ ನೆರೆಯ ಹಾಲುಗಲ್ಲು ರಾಜ್ಯಕ್ಕೂ ನಡುವೆ ಜೋಡಿಕೆರೆ ಎಂಬ ಕೆರೆ. ವರ್ಷಕ್ಕೊಮ್ಮೆ ಎರಡೂ ರಾಜ್ಯಗಳ ನಡುವೆ ಚೌಕಾಬಾರದ ಪಂದ್ಯ. ಗೆದ್ದವರಿಗೆ ಆ ವರ್ಷವಿಡೀ ಕೆರೆಯ ತೂಬು. ಸೋತವರು ನಾಲ್ಕು ಹರದಾರಿ ಆಚೆಯ ಹಳ್ಳದಿಂದ ನೀರು ಹೊರಬೇಕು. ಪಗಡಾವತಿಯ ಹೆಂಗಸರಿಗೆ ಈ ಪಂದ್ಯ ಎಂದರೆ ಮನರಂಜನೆ ಆಗಿರಲಿಲ್ಲ.

ಅವರಲ್ಲೊಬ್ಬಳು ಚೆನ್ನಾಜಮ್ಮ. ಎತ್ತಿನ ಕೊರಳಿಗೆ ಕವಡೆಸರ ಪೋಣಿಸಿ ಮಾರುವುದು ಅವಳ ಕಸುಬು. ಮೂವತ್ತು ವರ್ಷದಿಂದ ಬೆರಳಲ್ಲಿ ಕವಡೆ ಆಡಿಸಿದವಳು. ಪಂದ್ಯಕ್ಕೆ ಆರು ದಿನವಿದ್ದಾಗ ಅವಳು ಸರ ಮಾರಲು ಹಾಲುಗಲ್ಲಿಗೆ ಹೋಗಿದ್ದಳು. ಅಲ್ಲಿನ ಪಂದ್ಯದಾಳು ಜಗಲಿಯ ಮೇಲೆ ಅಭ್ಯಾಸ ಮಾಡುತ್ತಿದ್ದ. ಎಸೆದಾಗಲೆಲ್ಲ ಬಾರ. ಒಂದು ಕವಡೆ ಉರುಳಿ ಅವಳ ಕಾಲ ಬಳಿ ಬಂತು. ಎತ್ತಿ ಕೊಡುವಷ್ಟರಲ್ಲಿ ಅವಳ ಬೆರಳಿಗೆ ವಿಷಯ ಗೊತ್ತಾಗಿಹೋಯಿತು. ಕವಡೆಯ ಬಾಯೊಳಗೆ ಸೀಸ ತುಂಬಿದ್ದರು. ಹೇಗೆ ಎಸೆದರೂ ಅದು ಬೋರಲೇ ಬೀಳಬೇಕು.

ಚೆನ್ನಾಜಮ್ಮ ಓಡೋಡಿ ಊರಿಗೆ ಬಂದು, ಅದುವರೆಗೆ ಫೋನ್ ಮಾಡಲಷ್ಟೇ ಬಳಸುತ್ತಿದ್ದ ಫೋನಿನಲ್ಲಿ ಫೋರಂ ತೆರೆದು, ಒಂದೊಂದೇ ಅಕ್ಷರ ಒತ್ತಿ ಬರೆದಳು: 'ಅವರ ಕವಡೇಲಿ ಸೀಸ ತುಂಬವ್ರೆ. ನಾ ಮುಟ್ ನೋಡಿದೀನಿ. ಆಟಕ್ ಮುಂಚೆ ಕುಲುಕಿ ನೋಡಿ.'

ಒಂದು ಗಳಿಗೆಯಲ್ಲಿ ಪೋಸ್ಟ್ ಮಾಯವಾಯಿತು. ಅದರ ಜಾಗದಲ್ಲಿ, 'ಪ್ರಿಯ ನವಾಗತರೇ, ತಮ್ಮ ಉತ್ಸಾಹಕ್ಕೆ ವಂದನೆಗಳು. ತಾವು ಪರಿಚಯ ಮಾಡಿಕೊಂಡಿಲ್ಲ' ಎಂದಿತ್ತು. ಪರಿಚಯ ಬರೆದಳು. ಫೋಟೋ ಇಲ್ಲವೆಂದು ಅದೂ ಹೋಯಿತು. ಫೋಟೋ ಹಾಕಿದಳು. ಫೋಟೋದಲ್ಲಿ ನಗುತ್ತಿಲ್ಲ, ಸೌಹಾರ್ದದ ಕೊರತೆ ಕಾಣುತ್ತಿದೆ ಎಂದರು. ನಕ್ಕಳು ಪಾಪ, ಅದನ್ನೂ ಮಾಡಿದಳು. ಮೂರು ದಿನದಲ್ಲಿ ಬಂದದ್ದು ನಾಲ್ಕು ನಮಸ್ಕಾರ. 'ಕವಡೆಕೇಸರಿ' ಎಂಬ ಹೆಸರಿನ ಹಿರಿಯ ಸದಸ್ಯನೊಬ್ಬ ಮಾತ್ರ ಕನಿಕರದಿಂದ, 'ಸ್ವಾಗತ ತಂಗಿ. ಕವಡೆ ಹಿಡಿಯುವುದು ಹೇಗೆಂಬ ನನ್ನ ಅರವತ್ತು ಭಾಗಗಳ ಲೇಖನಮಾಲೆ ಓದಿ ಬಾ' ಎಂದು ಬರೆದ.

ಪಂದ್ಯದ ಹಿಂದಿನ ದಿನ ಅವಳು ಸಚಿವಾಲಯಕ್ಕೇ ಹೋದಳು. ವಿನಯಪಾಣಿ ಎದ್ದು ನಿಂತು ಕೈಮುಗಿದ, ಕುರ್ಚಿ ಕೊಟ್ಟ, ಮಜ್ಜಿಗೆ ತರಿಸಿದ. ಅವನ ವಿನಯದಲ್ಲಿ ಕೊರತೆ ಹುಡುಕಲು ನನ್ನಿಂದಲೂ ಆಗುವುದಿಲ್ಲ.

"ಮಜ್ಜಿಗೆ ಬ್ಯಾಡಿ ಬುದ್ಧಿ. ನಾಳೆ ಆಟ. ಅವ್ರ ಕವ್ಡೆ ಒಂದ್ಸಲ ಕೈಲಿ ಹಿಡ್ದು ಕುಲುಕ್ಸಿ. ಅಷ್ಟೇ ನಾ ಕೇಳದು," ಎಂದಳು ಚೆನ್ನಾಜಮ್ಮ.

"ತಾಯಿ, ನೀವು ಹೇಳ್ತಿರೋದು ತುಂಬ ಮುಖ್ಯವಾದ ವಿಷಯ. ಮುಖ್ಯವಾದ್ದರಿಂದಲೇ ಸರಿಯಾದ ವಿಭಾಗದಲ್ಲಿ ಬರಬೇಕು."

"ನಿಮ್ ಮುಂದೇನೇ ಹೇಳ್ತಾ ಇವ್ನಲ್ಲ ನಾನು. ಕಿವಿಗೆ ಬೀಳ್ನಿಲ್ವಾ?"

"ಬಿತ್ತು ತಾಯಿ. ಆದ್ರೆ ಬಾಯಲ್ಲಿ ಹೇಳಿದ್ದನ್ನ ನಾನು ಕೇಳಿಸಿಕೊಳ್ಳೋ ಹಾಗಿಲ್ಲ. ಇನ್ನೆಷ್ಟು ನಮಸ್ಕಾರ ಬೇಕು?"

"ಆರು."

"ಅಯ್ಯೋ, ಹತ್ತಿರ ಬಂದಿದೀರಿ. ಧೃತಿಗೆಡಬೇಡಿ."

"ನೀವೇ ಒಂದ್ ನಮಸ್ಕಾರ ಒತ್ತಿ ಬುದ್ಧಿ, ನಿಮ್ ಕೈಕೆಳಗಿನೋರೂ ಒತ್ಲಿ. ನನ್ ಸೊಸೆ ಬಸುರಿ, ನಾಕ್ ಹರ್ದಾರಿ ನೀರ್ ಹೊರಕ್ಕಾಗಕಿಲ್ಲ ಅವ್ಳ ಕೈಲಿ."

ವಿನಯಪಾಣಿಯ ಕಣ್ಣು ತೇವವಾಯಿತು. ನಿಜವಾಗಿಯೂ ತೇವವಾಯಿತು. "ಪಕ್ಷಪಾತ ಆಗುತ್ತೆ ತಾಯಿ," ಎಂದ. ಬಾಗಿಲವರೆಗೂ ಬಂದು ಬೀಳ್ಕೊಟ್ಟ.

ಪಂದ್ಯ ನಡೆಯಿತು. ಹಾಲುಗಲ್ಲಿನ ಆಳು ಎಸೆದದ್ದೆಲ್ಲ ಬಾರ. ಮಹಾರಾಜ ಸಂತೃಪ್ತವರ್ಮರು ಎಸೆದದ್ದು ಒಂದು, ಎರಡು, ಬಿಟ್ಟರೆ ಮೂರು. ಒಂಬತ್ತನೆಯ ಬಾರ ಬಿದ್ದಾಗ ಮಹಾರಾಜರು ಪಕ್ಕಕ್ಕೆ ವಾಲಿ, "ಇದು ಸ್ವಲ್ಪ ಅತಿಯಾಯ್ತು ಅಲ್ವೇನ್ರೀ?" ಎಂದರು.

"ಪ್ರಭು, ಎದುರಾಳಿಯ ಅದೃಷ್ಟವನ್ನು ಇಷ್ಟು ದೊಡ್ಡ ಮನಸ್ಸಿನಿಂದ ಗಮನಿಸಿದ ರಾಜರು ಇತಿಹಾಸದಲ್ಲೇ ಇಲ್ಲ," ಎಂದ ವಿನಯಪಾಣಿ. ಮಹಾರಾಜರು ಆಮೇಲೆ ಇನ್ನಷ್ಟು ದೊಡ್ಡ ಮನಸ್ಸಿನಿಂದ ಸೋಲತೊಡಗಿದರು.

ಆಗ ಜನರ ನಡುವಿನಿಂದ ಚೆನ್ನಾಜಮ್ಮನ ದನಿ ಕೇಳಿತು. "ಒಂದ್ ಕವ್ಡೆ ಒಡ್ದು ನೋಡ್ರಪ್ಪೋ, ಒಳಗೆ ಸೀಸ ಐತೆ!"

ಇದು ದಪ್ಪ ಅಕ್ಷರವೆಂದು ಮಾಡರೇಟರುಗಳು ಅಲ್ಲೇ ತೀರ್ಮಾನಿಸಿದರು. ಇಬ್ಬರು ಬಂದು, ದಯವಿಟ್ಟು, ಕ್ಷಮಿಸಿ, ತಪ್ಪು ತಿಳಿಯಬೇಡಿ ಎನ್ನುತ್ತಾ ಅವಳ ಬಾಯಿಗೆ ರೇಷ್ಮೆ ಪಟ್ಟಿ ಕಟ್ಟಿದರು. ಫೋರಮ್ಮಿನಲ್ಲಿ ಅವಳ ಖಾತೆಗೆ ಒಂದು ತಿಂಗಳು ತಡೆ ಬಿತ್ತು. ಸಂಜೆಯ ಹೊತ್ತಿಗೆ ತೂಬಿನ ಕೀಲಿಕೈ ಹಾಲುಗಲ್ಲಿನವರ ಸೊಂಟಕ್ಕೆ ಹೋಯಿತು.

ಇಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುವ ಸಂಕಟ ನನಗಿರಲಿಲ್ಲ. ಮುಗಿಯಲಿಲ್ಲ. ಹಾಲುಗಲ್ಲಿನ ದೊರೆ ಒಳ್ಳೆಯ ಮನುಷ್ಯ. ತನ್ನ ಆಳು ಮಾಡಿದ ಮೋಸ ಅವನಿಗೆ ಗೊತ್ತಿರಲಿಲ್ಲ. ವಾರದ ನಂತರ ಗೊತ್ತಾಯಿತು, ನಾಚಿಕೆಯಾಯಿತು. ಪಗಡಾವತಿಗೆ ಏನು ಹೇಳುವುದಿದ್ದರೂ ಫೋರಮ್ಮಿನಲ್ಲೇ ಹೇಳಬೇಕಲ್ಲ, ಹಾಗೆಂದು ತಾನೇ ಕೂತು ಬರೆದ: 'ನಮ್ಮವನು ಮೋಸ ಮಾಡಿದ್ದಾನೆ. ಈ ಗೆಲುವು ನಮಗೆ ಬೇಡ. ಹದಿನೈದು ದಿನದೊಳಗೆ ಆಗಲಿ ಎಂದು ಒಂದು ಮಾತು ಬರೆಯಿರಿ, ಕೀಲಿಕೈ ಕಳಿಸುತ್ತೇನೆ.'

'ಪ್ರಿಯ ನವಾಗತರೇ' ಎಂದು ಉತ್ತರ ಹೋಯಿತು.

ದೊರೆ ತಾಳ್ಮೆಯವನು. ಪರಿಚಯ ಬರೆದ, ಫೋಟೋ ಹಾಕಿದ, ನಕ್ಕ. ನಮಸ್ಕಾರ ಒತ್ತಬೇಕಾದ ಪಗಡಾವತಿಯ ಹಿರಿಯ ಸದಸ್ಯರು ಆಗ ಎಲ್ಲಿದ್ದರು? ಬೆಳಗಿನಿಂದ ಸಂಜೆಯವರೆಗೆ ಹಳ್ಳದ ದಾರಿಯಲ್ಲಿದ್ದರು, ಎರಡೂ ಕೈಯಲ್ಲಿ ಕೊಡ ಹಿಡಿದು. ಕವಡೆಕೇಸರಿ ಕೂಡ ಎರಡು ಕೊಡ ಹೊರುತ್ತಿದ್ದ. ಫೋನ್ ತೆಗೆಯಲು ಮೂರನೆಯ ಕೈ ಯಾರಿಗೂ ಇರಲಿಲ್ಲ. ಹದಿನೈದು ದಿನಕ್ಕೆ ಬಂದದ್ದು ಒಂದು ನಮಸ್ಕಾರ, ಅದೂ ಕೈ ತಪ್ಪಿ ಒತ್ತಿದ್ದಂತೆ. ಹಾಲುಗಲ್ಲಿನ ದೊರೆ, ಇವರಿಗೆ ನೀರು ಬೇಡವೇನೋ ಅಂದುಕೊಂಡು ಸುಮ್ಮನಾದ.

ವಿನಯಪಾಣಿ ಇದನ್ನು ಮುಚ್ಚಿಡಲಿಲ್ಲ. ಪ್ರಾಮಾಣಿಕ ಮನುಷ್ಯ, ತಾನೇ ಹೋಗಿ ಮಹಾರಾಜರಿಗೆ ಅರಿಕೆ ಮಾಡಿಕೊಂಡ.

"ಸ್ವತಃ ಒಬ್ಬ ರಾಜನ ಪೋಸ್ಟನ್ನೇ ಅಳಿಸಿದ್ರಾ?" ಎಂದರು ಮಹಾರಾಜರು.

"ಅಳಿಸಿದೆ ಪ್ರಭು. ಕವಡೆಸರ ಮಾರೋ ಹೆಂಗಸಿಗೂ ಅದೇ ನಿಯಮ, ರಾಜನಿಗೂ ಅದೇ ನಿಯಮ."

ಮಹಾರಾಜರು ಎದ್ದು ಬಂದು ಸಚಿವನನ್ನು ತಬ್ಬಿಕೊಂಡರು. "ಇಂಥ ಸಮಾನತೆ ಯಾವ ರಾಜ್ಯದಲ್ಲಿದೆ ಹೇಳ್ರೀ," ಎಂದರು. ವಿನಯಪಾಣಿಗೆ 'ನಿಯಮನಿಧಿ' ಎಂಬ ಬಿರುದು, ರತ್ನದ ಕಿರೀಟ, ಪಾದಪೂಜೆ ಎಂದು ಆಜ್ಞೆಯಾಯಿತು. ಪಾದ ತೊಳೆಯಲು ಮನೆಗೊಂದು ಕೊಡ ನೀರು ತರತಕ್ಕದ್ದು ಎಂಬುದು ಆಜ್ಞೆಯ ಕೊನೆಯ ಸಾಲು.

ಜನ ಸಾಲುಗಟ್ಟಿ ನಿಂತರು. ಚೆನ್ನಾಜಮ್ಮನ ಸೊಸೆಗೆ ಆಗ ಏಳು ತಿಂಗಳು. ಅವಳನ್ನು ಮನೆಯಲ್ಲಿ ಕೂರಿಸಿ ಚೆನ್ನಾಜಮ್ಮ ತಾನೇ ಹಳ್ಳಕ್ಕೆ ಹೋಗಿ, ಆ ದಿನ ಮನೆಗೆಂದು ಸಿಕ್ಕಿದ ಒಂದೇ ಕೊಡವನ್ನು ತಲೆಯ ಮೇಲಿಟ್ಟುಕೊಂಡು ಬಂದಿದ್ದಳು. ಸರದಿ ಬಂತು. ಕೊಡ ಇಳಿಸಿ, ಬಗ್ಗಿ, ಒಂದು ಹನಿಯೂ ಉಳಿಸದೆ ಆ ಪಾದಗಳ ಮೇಲೆ ಸುರಿದಳು. ನೀರು ಅರಮನೆಯ ಅಮೃತಶಿಲೆಯ ಮೇಲೆ ಹರಿದು ಮೋರಿಗೆ ಹೋಯಿತು.

ವಿನಯಪಾಣಿ ಕಿರೀಟ ಜಾರದಂತೆ ಹಿಡಿದುಕೊಂಡು, ಎರಡೂ ಕೈ ಜೋಡಿಸಲಾಗದ್ದಕ್ಕೆ ಕ್ಷಮೆ ಕೇಳಿ, ಮೆತ್ತಗೆ ಹೇಳಿದ:

"ತಪ್ಪು ತಿಳೀಬೇಡಿ ತಾಯಿ. ಸ್ವಲ್ಪ ಕಾಯಿಸಿ ತಂದಿದ್ರೆ ಚೆನ್ನಾಗಿತ್ತು."